ಸಾವೆ ಅನ್ನ, ಹಾಗಲಕಾಯಿ ರಸ, ಸಂಜೆಯ ನಡಿಗೆ: ಇಷ್ಟು ಮಾಡಿದರೆ ಶುಗರ್ ಮಾತ್ರೆ ಬಿಡಬಹುದೇ?

ಈ ಕಷಾಯ ಒಂದು ತಿಂಗಳು ಕುಡಿದರೆ ಶುಗರ್ ಬುಡಸಮೇತ ಹೋಗುತ್ತದೆ. ಸಿರಿಧಾನ್ಯ ತಿಂದರೆ ಮಾತ್ರೆಯ ಹಂಗೇ ಬೇಡ. ಸಕ್ಕರೆ ಕಾಯಿಲೆ ಎನ್ನುವುದೇ ಔಷಧ ಕಂಪನಿಗಳ ಸೃಷ್ಟಿ. ಇಂಥ ಮಾತುಗಳಿರುವ ಸಂದೇಶ ನಿಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಮ್ಮೆಯಾದರೂ ಬಂದಿರುತ್ತದೆ. ಕಳಿಸಿದವರು ಕೆಟ್ಟವರೇನಲ್ಲ. ಯಾರಿಗಾದರೂ ಒಳ್ಳೆಯದಾಗಲಿ ಎಂದೇ ಕಳಿಸಿರುತ್ತಾರೆ.

ಈ ಸಂದೇಶಗಳನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕಲು ಆಗುವುದಿಲ್ಲ, ತೊಡಕು ಇರುವುದೂ ಅಲ್ಲೇ. ಒಂದೇ ಸಂದೇಶದಲ್ಲಿ ಮೂರು ಬಗೆಯ ಮಾತು ಬೆರೆತಿರುತ್ತದೆ. ಊಟ, ನಡಿಗೆ, ತೂಕದ ಬಗ್ಗೆ ಹೇಳುವುದು ಬಹುಮಟ್ಟಿಗೆ ನಿಜ. ಸೊಪ್ಪು, ಬೀಜ, ಬೇರಿನ ಬಗ್ಗೆ ಹೇಳುವುದು ಅರ್ಧ ನಿಜ. ಕೊನೆಗೆ ಬರುವ ‘ಮಾತ್ರೆ ನಿಲ್ಲಿಸಿ’ ಎಂಬ ಮಾತು ಅಪಾಯ. ಮೊದಲೆರಡು ಮಾತು ನಂಬಿಕೆ ಹುಟ್ಟಿಸುವುದರಿಂದಲೇ ಜನ ಮೂರನೆಯದನ್ನೂ ನಂಬುತ್ತಾರೆ. ಈ ಮೂರನ್ನೂ ಬೇರೆ ಬೇರೆ ಮಾಡಿ ನೋಡೋಣ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಊಟ, ಬೆಳೆ, ದಿನಚರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇವೆ. ಸಿರಿಧಾನ್ಯ ಬೆಳೆದು ಉಣ್ಣುವ ಈ ಸೀಮೆಯಲ್ಲಿ ‘ನೈಸರ್ಗಿಕ’ ಎಂಬ ಮಾತಿಗೆ ಬೇರೆಡೆಗಿಂತ ಹೆಚ್ಚು ಅರ್ಥವಿದೆ.

ಮೊದಲಿಗೆ, ದೇಹದಲ್ಲಿ ಆಗುವುದೇನು?

ನಾವು ತಿಂದ ಮುದ್ದೆ, ಅನ್ನ, ರೊಟ್ಟಿಯಲ್ಲಿರುವ ಪಿಷ್ಟ ಹೊಟ್ಟೆಯಲ್ಲಿ ಕರಗಿ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ರಕ್ತದಿಂದ ಅದನ್ನು ಸ್ನಾಯುಗಳಿಗೆ ಸೇರಿಸಲು ಇನ್ಸುಲಿನ್ ಬೇಕು. ಮೇದೋಜೀರಕ ಗ್ರಂಥಿ ಅದನ್ನು ತಯಾರಿಸುತ್ತದೆ.

ಟೈಪ್ 1 ಮಧುಮೇಹದಲ್ಲಿ ಇನ್ಸುಲಿನ್ ತಯಾರಾಗುವುದು ಹೆಚ್ಚುಕಡಿಮೆ ನಿಂತೇ ಹೋಗಿರುತ್ತದೆ. ಇದು ಹೆಚ್ಚಾಗಿ ಮಕ್ಕಳಲ್ಲಿ, ಹರೆಯದವರಲ್ಲಿ ಕಾಣಿಸಿಕೊಳ್ಳುತ್ತದೆ. ಟೈಪ್ 2ರಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ದೇಹ ಅದರ ಮಾತು ಸರಿಯಾಗಿ ಕೇಳುವುದಿಲ್ಲ. ವರ್ಷ ಕಳೆದಂತೆ ತಯಾರಿಯೂ ಕುಗ್ಗುತ್ತದೆ. ನಮ್ಮಲ್ಲಿ ‘ಶುಗರ್ ಇದೆ’ ಎನ್ನುವವರಲ್ಲಿ ಬಹುತೇಕರದ್ದು ಈ ಎರಡನೆಯ ಬಗೆ. ಊಟ, ನಡಿಗೆಯ ಬದಲಾವಣೆಯಿಂದ ಹೆಚ್ಚು ಲಾಭವಾಗುವುದೂ ಇವರಿಗೇ.

ಇದು ಕೆಲವೇ ಮನೆಗಳ ಸಮಸ್ಯೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದ ‘ಇಂಡಿಯಾಬ್’ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇತ್ತು, ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದರು. ಈ ಅಂಚಿನಲ್ಲಿರುವವರಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಕಾಣುವುದಿಲ್ಲ. ಪರೀಕ್ಷೆ ಮಾಡಿಸಿದರೆ ಮಾತ್ರ ಗೊತ್ತಾಗುತ್ತದೆ.

ಸಾವೆ, ನವಣೆ, ರಾಗಿ: ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ?

ಹೊಸದುರ್ಗದ ಕಡೆ ಸಾವೆ ಬೆಳೆಯುವುದು ಇಂದು ನಿನ್ನೆಯ ಮಾತಲ್ಲ. ಕೆಲವರು ಇದನ್ನು ಸಾಮೆ ಎನ್ನುತ್ತಾರೆ. ಮಳೆ ಕಡಿಮೆ ಬೀಳುವ ಈ ಬಯಲುಸೀಮೆಯಲ್ಲಿ ಸಾವೆ, ನವಣೆ, ರಾಗಿ, ಹುರುಳಿ ಹಿಂದಿನಿಂದಲೂ ಹೊಲದಲ್ಲೂ ಒಲೆಯ ಮೇಲೂ ಇದ್ದವು. ನಡುವೆ ಅಕ್ಕಿ ಅಗ್ಗವಾಗಿ ಇವು ಹಿಂದೆ ಸರಿದವು. ಈಗ ಪಟ್ಟಣದ ಅಂಗಡಿಗಳಲ್ಲಿ ‘ಸಿರಿಧಾನ್ಯ’ ಎಂಬ ಹೆಸರಿನಲ್ಲಿ ಮತ್ತೆ ಬಂದಿವೆ.

ಇವು ಅಕ್ಕಿಗಿಂತ ಒಳ್ಳೆಯವೇ? ಹೌದು, ಮುಖ್ಯವಾಗಿ ನಾರಿನಂಶದ ಕಾರಣಕ್ಕೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ನೋಡಿದರೆ, 100 ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಮಿಗೂ ಕಡಿಮೆ. ರಾಗಿಯಲ್ಲಿ ಅದು ಸುಮಾರು 11 ಗ್ರಾಂ, ಸಾವೆಯಲ್ಲಿ 8 ಗ್ರಾಮಿನ ಆಸುಪಾಸು. ನಾರು ಹೆಚ್ಚಿದ್ದರೆ ಗ್ಲೂಕೋಸ್ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಒಂದು ವರದಿ ಪ್ರಕಟಿಸಿದರು. ನಿತ್ಯ ಸಿರಿಧಾನ್ಯ ತಿಂದ ಮಧುಮೇಹಿಗಳಲ್ಲಿ ಖಾಲಿಹೊಟ್ಟೆಯ ಸಕ್ಕರೆ ಸುಮಾರು ಶೇ 12ರಷ್ಟು, ಊಟದ ನಂತರದ ಸಕ್ಕರೆ ಸುಮಾರು ಶೇ 15ರಷ್ಟು ಇಳಿದಿತ್ತು ಎಂದು ಅದು ಹೇಳುತ್ತದೆ.

ಈ ಲೆಕ್ಕವನ್ನು ಸರಿಯಾಗಿ ಓದಬೇಕು. ಖಾಲಿಹೊಟ್ಟೆಯ ಸಕ್ಕರೆ 200 ಇದ್ದವರಿಗೆ ಶೇ 12 ಇಳಿದರೆ 176 ಆಗುತ್ತದೆ. ಲಾಭ ಖಂಡಿತ ಇದೆ. ಆದರೆ 176 ಕೂಡ ಹೆಚ್ಚೇ.

ಇನ್ನೊಂದು ವಿಷಯವನ್ನು ಸಂದೇಶಗಳು ಹೇಳುವುದೇ ಇಲ್ಲ. ಅದೇ ಪಟ್ಟಿಯ ಪ್ರಕಾರ 100 ಗ್ರಾಂ ಅಕ್ಕಿಯಲ್ಲಿ ಪಿಷ್ಟ-ಸಕ್ಕರೆಯ ಭಾಗ ಸುಮಾರು 78 ಗ್ರಾಂ. ರಾಗಿಯಲ್ಲಿ 67, ಸಾವೆಯಲ್ಲಿ 65ರ ಹತ್ತಿರ. ಸಿರಿಧಾನ್ಯವೂ ಧಾನ್ಯವೇ ತಾನೇ? ಅರ್ಧ ತಟ್ಟೆ ಅನ್ನ ಉಣ್ಣುತ್ತಿದ್ದವರು ‘ಇದು ಶುಗರ್‌ಗೆ ಒಳ್ಳೆಯದು’ ಎಂದು ಒಂದು ತಟ್ಟೆ ಸಾವೆ ಅನ್ನ ಉಂಡರೆ ಸಕ್ಕರೆ ಇಳಿಯುವುದಿಲ್ಲ, ಏರುತ್ತದೆ.

ಇಂಡಿಯಾಬ್ ಅಧ್ಯಯನದ ಆಹಾರದ ಭಾಗ 2025ರಲ್ಲಿ ಪ್ರಕಟವಾದಾಗ ಇದೇ ಅಂಶ ಸ್ಪಷ್ಟವಾಯಿತು. ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು ಶೇ 62ರಷ್ಟು ಪಿಷ್ಟ-ಸಕ್ಕರೆಯಿಂದಲೇ ಬರುತ್ತದೆ. ಸಿರಿಧಾನ್ಯವನ್ನು ಗಣನೀಯವಾಗಿ ತಿನ್ನುವ ಕೆಲವೇ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ಪಾಲಿಶ್ ಅಕ್ಕಿಯ ಜಾಗದಲ್ಲಿ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದಿಟ್ಟ ಮಾತ್ರಕ್ಕೆ ಮಧುಮೇಹದ ಅಪಾಯ ತಗ್ಗಿದ್ದು ಕಂಡುಬರಲಿಲ್ಲ. ಒಟ್ಟು ಪ್ರಮಾಣ ಇಳಿಸಿ, ಆ ಜಾಗಕ್ಕೆ ಬೇಳೆಕಾಳು, ಹಾಲು-ಮೊಸರಿನಂಥ ಪ್ರೋಟೀನ್ ತಂದರೆ ಅಪಾಯ ಕಡಿಮೆಯಾಗುವ ಸೂಚನೆ ಇತ್ತು. ಹಾಗಾಗಿ ಧಾನ್ಯ ಬದಲಿಸುವುದರ ಜತೆಗೆ ಅದರ ಅಳತೆಯನ್ನೂ ಬದಲಿಸಬೇಕು.

ಧಾನ್ಯವನ್ನು ಹೇಗೆ ತಿನ್ನುತ್ತೇವೆ ಎಂಬುದೂ ಮುಖ್ಯ. ಮಿಲ್ಲಿನಲ್ಲಿ ಹೊಳಪು ಕೊಟ್ಟು ಬೆಳ್ಳಗೆ ಮಾಡಿದ ಸಾವೆ ಅಕ್ಕಿಯಲ್ಲಿ ತವುಡು ಹೋಗಿರುತ್ತದೆ, ಅದರ ಜತೆ ನಾರೂ ಹೋಗಿರುತ್ತದೆ. ನುಣ್ಣಗೆ ಬೀಸಿದ ರಾಗಿ ಹಿಟ್ಟಿನ ತೆಳು ಗಂಜಿ ಬೇಗ ಜೀರ್ಣವಾಗಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಶುಗರ್ ಇರುವವರಿಗೆ ಬೆಳಿಗ್ಗೆ ಒಂದು ದೊಡ್ಡ ಲೋಟ ರಾಗಿ ಮಾಲ್ಟ್, ಅದಕ್ಕೊಂದಿಷ್ಟು ಬೆಲ್ಲ ಹಾಕಿ ಕೊಡುವುದು ಸಹಾಯವಲ್ಲ.

ಹಾಗಾದರೆ ಊಟದ ತಟ್ಟೆ ಹೇಗಿರಬೇಕು?

ಊಟದ ಕ್ರಮವನ್ನೇ ತಲೆಕೆಳಗು ಮಾಡಬೇಕಿಲ್ಲ. ತಟ್ಟೆಯ ಅರ್ಧ ಭಾಗಕ್ಕೆ ತರಕಾರಿ ಮತ್ತು ಸೊಪ್ಪು. ಕಾಲು ಭಾಗಕ್ಕೆ ಕಾಳು, ಬೇಳೆ, ಮೊಟ್ಟೆ, ಮೀನು ಅಥವಾ ಮೊಸರು. ಉಳಿದ ಕಾಲು ಭಾಗಕ್ಕೆ ಮಾತ್ರ ಮುದ್ದೆ, ಅನ್ನ ಅಥವಾ ರೊಟ್ಟಿ. ಎರಡು ಮುದ್ದೆ ಉಣ್ಣುವವರು ಒಂದಕ್ಕೆ ಇಳಿಸಿ, ಹುರುಳಿಕಾಳು ಇಲ್ಲವೇ ಅಲಸಂದೆ ಪಲ್ಯ ಹೆಚ್ಚು ಹಾಕಿಕೊಂಡರೆ ಹೊಟ್ಟೆಯೂ ತುಂಬುತ್ತದೆ. ಮುದ್ದೆ ಉಂಡ ಮೇಲೆ ಮತ್ತೆ ಅನ್ನ ಬಡಿಸಿಕೊಳ್ಳುವ ರೂಢಿ ನಮ್ಮಲ್ಲಿದೆ. ಮೊದಲು ಕೈ ಬಿಡಬೇಕಾದದ್ದು ಅದನ್ನೇ. ಬಸ್ಸಾರಿನ ಸೊಪ್ಪು-ಕಾಳಿನ ಪಲ್ಯವನ್ನು ಮೊದಲು ತಿಂದು ಆಮೇಲೆ ಮುದ್ದೆಗೆ ಕೈ ಹಾಕಿದರೆ ಇನ್ನೂ ಒಳ್ಳೆಯದು.

ಕೆಲವು ತಪ್ಪು ಕಲ್ಪನೆಗಳನ್ನೂ ಇಲ್ಲೇ ಸರಿಪಡಿಸಿಕೊಳ್ಳೋಣ.

ಬೆಲ್ಲ, ಜೇನುತುಪ್ಪ ಸಕ್ಕರೆಗಿಂತ ಸುರಕ್ಷಿತವೇ? ಅಲ್ಲ. ಬೆಲ್ಲದ ಬಹುಪಾಲು ಸಕ್ಕರೆಯೇ. ಜೇನುತುಪ್ಪದಲ್ಲಿ ಇರುವುದೂ ಮುಖ್ಯವಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್. ರಕ್ತಕ್ಕೆ ಬಣ್ಣ ಗೊತ್ತಾಗುವುದಿಲ್ಲ.

ಮಂಡಕ್ಕಿ ಹಗುರವಲ್ಲವೇ? ಕೈಯಲ್ಲಿ ಹಿಡಿದರೆ ಹಗುರ. ಆದರೆ ಅದು ಉಬ್ಬಿಸಿದ ಅಕ್ಕಿ, ಬಹಳ ಬೇಗ ಸಕ್ಕರೆಯಾಗುತ್ತದೆ. ಸಂಜೆ ಒಂದು ಪ್ಲೇಟ್ ಮಂಡಕ್ಕಿ, ಎರಡು ಮಿರ್ಚಿ ತಿಂದು ‘ಏನೂ ತಿಂದಿಲ್ಲ’ ಎನ್ನುವಂತಿಲ್ಲ. ಒಂದು ಹಿಡಿ ಹುರಿದ ಶೇಂಗಾ ಅಥವಾ ಹುರಿಗಡಲೆ ವಾಸಿ.

ಎಳನೀರು? ಹಿರಿಯೂರು, ಹೊಳಲ್ಕೆರೆಯ ತೆಂಗಿನ ತೋಟದವರಿಗೆ ಇದು ನಿತ್ಯದ ಪಾನೀಯ. ವಿಷವೇನಲ್ಲ, ಆದರೆ ಒಂದು ಎಳನೀರಿನಲ್ಲಿ ಒಂದೆರಡು ಚಮಚ ಸಕ್ಕರೆಯಷ್ಟು ಸಿಹಿ ಇರುತ್ತದೆ. ಶುಗರ್ ಹತೋಟಿಯಲ್ಲಿದ್ದರೆ ಅಪರೂಪಕ್ಕೊಂದು ಸರಿ. ಬಾಯಾರಿಕೆಗೆ ನೀರು ಅಥವಾ ಸಕ್ಕರೆ ಹಾಕದ ಮಜ್ಜಿಗೆ ಸಾಕು.

ಎಲೆ-ಅಡಿಕೆ? ಅಡಿಕೆ ಬೆಳೆಯುವ ನಾಡಿನಲ್ಲಿ ಈ ಮಾತು ರುಚಿಸದಿರಬಹುದು. ತೈವಾನ್ ಮುಂತಾದ ಕಡೆ ನಡೆದ ಅಧ್ಯಯನಗಳು ಅಡಿಕೆ ಅಗಿಯುವ ಅಭ್ಯಾಸಕ್ಕೂ ಮಧುಮೇಹ, ಬೊಜ್ಜಿಗೂ ನಂಟು ತೋರಿಸಿವೆ. ಅಡಿಕೆಯಿಂದ ಬಾಯಿಯ ಕ್ಯಾನ್ಸರ್ ಬರುವುದಂತೂ ಖಚಿತವಾಗಿರುವ ವಿಷಯ.

ನಡಿಗೆ: ಔಷಧದಷ್ಟೇ ಕೆಲಸ ಮಾಡಿದ ಉದಾಹರಣೆ

ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್ನಿಗೆ ಕಾಯದೆ ರಕ್ತದ ಗ್ಲೂಕೋಸನ್ನು ನೇರವಾಗಿ ಎಳೆದುಕೊಳ್ಳುತ್ತವೆ. ಅದಕ್ಕೇ ಊಟವಾದ ಮೇಲೆ 10-15 ನಿಮಿಷ ನಡೆದರೂ ಸಕ್ಕರೆಯ ಏರಿಕೆ ತಗ್ಗುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆಯಬೇಕು ಎಂಬುದು ವೈದ್ಯರ ಸಾಮಾನ್ಯ ಸಲಹೆ.

ನಮ್ಮ ನೆರೆಯ ಚೆನ್ನೈನಲ್ಲಿ ನಡೆದ ಒಂದು ಪ್ರಯೋಗ ಇಲ್ಲಿ ನೆನಪಿಡಬೇಕು. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಅಂಚಿನಲ್ಲಿದ್ದ 531 ಜನರನ್ನು ನಾಲ್ಕು ಗುಂಪು ಮಾಡಿ ಗಮನಿಸಿದರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳಲ್ಲಿ, ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಶೇ 55 ಜನರಿಗೆ ಮಧುಮೇಹ ಬಂತು. ಊಟ-ನಡಿಗೆ ಬದಲಿಸಿಕೊಂಡವರಲ್ಲಿ ಅದು ಶೇ 39.3. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ 40.5. ಎರಡನ್ನೂ ಮಾಡಿದವರಲ್ಲಿ ಶೇ 39.5.

ಅಂಚಿನಲ್ಲಿರುವವರಿಗೆ ಜೀವನಶೈಲಿಯ ಬದಲಾವಣೆ ಮಾತ್ರೆಯಷ್ಟೇ ಕೆಲಸ ಮಾಡಿತು ಎಂಬುದು ಇದರ ಒಂದು ಪಾಠ. ಎಲ್ಲವನ್ನೂ ಮಾಡಿದವರಲ್ಲೂ ಹಲವರಿಗೆ ಮಧುಮೇಹ ಬಂದೇ ಬಂತು ಎಂಬುದು ಇನ್ನೊಂದು. ಆದ್ದರಿಂದ ಶುಗರ್ ಬಂದವರನ್ನು ‘ನೀನು ನಾಲಿಗೆ ಕಟ್ಟಲಿಲ್ಲ’ ಎಂದು ದೂರುವುದು ತಪ್ಪು. ವಂಶದ ಪಾಲು, ವಯಸ್ಸಿನ ಪಾಲು ಯಾರ ಕೈಯಲ್ಲೂ ಇಲ್ಲ.

ನಡೆಯಲು ದುಬಾರಿ ಜಿಮ್ ಬೇಕಿಲ್ಲ. ಚಿತ್ರದುರ್ಗದ ಕೋಟೆಯ ಮೆಟ್ಟಿಲು, ಊರ ಕೆರೆಯ ಏರಿ, ತೋಟದ ದಾರಿ ಯಾವುದಾದರೂ ಸರಿ. ಹೊಲದಲ್ಲಿ ದಿನವಿಡೀ ದುಡಿಯುವವರಿಗೆ ಬೇರೆ ವ್ಯಾಯಾಮ ಅಷ್ಟು ಬೇಕಾಗದಿರಬಹುದು. ಆದರೆ ಹೊಲಕ್ಕೆ ಬೈಕಿನಲ್ಲಿ ಹೋಗಿ, ಕೂಲಿಯವರ ಕೆಲಸ ನಿಂತು ನೋಡಿ ಬರುವುದು ದುಡಿಮೆಯ ಲೆಕ್ಕಕ್ಕೆ ಬರುವುದಿಲ್ಲ!

ಒಂದು ಎಚ್ಚರಿಕೆ. ಬರಿಗಾಲಲ್ಲಿ ನಡೆದರೆ ಶುಗರ್ ಇಳಿಯುತ್ತದೆ ಎಂಬ ಸಂದೇಶವನ್ನು ಮಧುಮೇಹಿಗಳು ಪಾಲಿಸಬಾರದು. ಹಲವು ವರ್ಷಗಳಿಂದ ಶುಗರ್ ಇರುವವರ ಪಾದದಲ್ಲಿ ಸ್ಪರ್ಶಜ್ಞಾನ ಕುಗ್ಗಿರುತ್ತದೆ. ಜಾಲಿ ಮುಳ್ಳು ಚುಚ್ಚಿದರೂ, ಬಿಸಿಲಿಗೆ ಕಾದ ಬಂಡೆಯಲ್ಲಿ ಅಂಗಾಲು ಸುಟ್ಟರೂ ಗೊತ್ತಾಗುವುದಿಲ್ಲ. ಗಾಯ ಕೀವಾದ ಮೇಲೆ ಕಣ್ಣಿಗೆ ಬೀಳುತ್ತದೆ. ಕೆಲವರ ಬೆರಳು, ಪಾದ ತೆಗೆಯಬೇಕಾಗಿ ಬರುವುದು ಹೀಗೆಯೇ. ಮೆತ್ತನೆಯ ಚಪ್ಪಲಿ ಅಥವಾ ಶೂ ಹಾಕಿ ನಡೆಯಿರಿ. ರಾತ್ರಿ ಮಲಗುವ ಮುನ್ನ ಪಾದ ನೋಡಿಕೊಳ್ಳಿ. ಕಣ್ಣು ಮಂಜಾದವರ ಪಾದವನ್ನು ಮನೆಯವರು ನೋಡಲಿ.

ಮೆಂತ್ಯ, ಹಾಗಲ, ಮಧುನಾಶಿನಿ, ‘ಇನ್ಸುಲಿನ್ ಗಿಡ’

ಮೆಂತ್ಯದಲ್ಲಿ ನೀರಿನಲ್ಲಿ ಕರಗುವ ನಾರು ಹೇರಳವಾಗಿದೆ. ಕೆಲವು ಸಣ್ಣ ಪ್ರಯೋಗಗಳಲ್ಲಿ ಸಕ್ಕರೆ ಸ್ವಲ್ಪ ಇಳಿದದ್ದು ಕಂಡಿದೆ. ಅಡುಗೆಯ ಭಾಗವಾಗಿ ತಿನ್ನಲು ಅಡ್ಡಿಯಿಲ್ಲ. ಹಾಗಲಕಾಯಿಯ ಬಗ್ಗೆ ಪ್ರಪಂಚದ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2012ರಲ್ಲಿ ಪರಿಶೀಲಿಸಿ, ಮಧುಮೇಹದ ಚಿಕಿತ್ಸೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದಿತು. ಪಲ್ಯ, ಗೊಜ್ಜು ಮಾಡಿ ತಿನ್ನಿ, ಒಳ್ಳೆಯ ತರಕಾರಿ. ಲೋಟಗಟ್ಟಲೆ ರಸ ಕುಡಿದು ಹೊಟ್ಟೆ ಕೆಡಿಸಿಕೊಳ್ಳಬೇಡಿ.

ಮಧುನಾಶಿನಿ ಎಲೆ ಅಗಿದರೆ ಸ್ವಲ್ಪ ಹೊತ್ತು ಸಕ್ಕರೆ ಬಾಯಿಗೆ ಮರಳಿನಂತೆ ಅನಿಸುತ್ತದೆ. ಇದನ್ನು ನೋಡಿ ‘ಸಿಹಿಯನ್ನೇ ಕೊಲ್ಲುವ ಎಲೆ’ ಎಂದು ಬೆರಗಾಗುವುದು ಸಹಜ. ಆದರೆ ಅದು ನಾಲಿಗೆಯ ರುಚಿಮೊಗ್ಗುಗಳನ್ನು ತಾತ್ಕಾಲಿಕವಾಗಿ ತಡೆಯುವ ಪರಿಣಾಮ. ನಾಲಿಗೆಗೆ ಸಿಹಿ ಗೊತ್ತಾಗದಿದ್ದರೂ ರಕ್ತಕ್ಕೆ ಹೋಗುವ ಸಕ್ಕರೆ ಹೋಗುತ್ತಲೇ ಇರುತ್ತದೆ. ರಕ್ತದ ಸಕ್ಕರೆಯ ಮೇಲೂ ಈ ಎಲೆಗೆ ಸ್ವಲ್ಪ ಪರಿಣಾಮ ಇರಬಹುದು ಎಂದು ಸಣ್ಣ ಅಧ್ಯಯನಗಳು ಹೇಳುತ್ತವೆ. ಮಾತ್ರೆಯ ಬದಲಿಗೆ ಬಳಸುವಷ್ಟು ಪುರಾವೆ ಇಲ್ಲ.

‘ಇನ್ಸುಲಿನ್ ಗಿಡ’ದ ಹೆಸರು ಅನೇಕರನ್ನು ದಾರಿ ತಪ್ಪಿಸಿದೆ. ಇನ್ಸುಲಿನ್ ಒಂದು ಪ್ರೋಟೀನ್. ಬಾಯಿಯ ಮೂಲಕ ತೆಗೆದುಕೊಂಡರೆ ಬೇಳೆಯ ಪ್ರೋಟೀನಿನಂತೆ ಅದೂ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಅದಕ್ಕೇ ಇನ್ಸುಲಿನ್ ಅನ್ನು ಚುಚ್ಚಿಕೊಳ್ಳುವುದು. ಎಲೆ ಅಗಿದು ಇನ್ಸುಲಿನ್ ಪಡೆಯಲು ಸಾಧ್ಯವಿಲ್ಲ.

ಗಿಡಮೂಲಿಕೆಯಲ್ಲಿ ಔಷಧಗುಣವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಮೆಟ್‌ಫಾರ್ಮಿನ್ ಹುಟ್ಟಿನ ಕಥೆಯೂ ಯುರೋಪಿನ ಗಲೇಗಾ ಎಂಬ ಗಿಡದಿಂದಲೇ ಶುರುವಾಗುತ್ತದೆ. ಆ ಗಿಡದ ಅಂಶಗಳ ಮಾದರಿಯಲ್ಲಿ 1922ರಲ್ಲಿ ಈ ರಾಸಾಯನಿಕವನ್ನು ತಯಾರಿಸಿದರು. 1957ರಲ್ಲಿ ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ ಅದನ್ನು ಮಧುಮೇಹಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಎಷ್ಟು ಪ್ರಮಾಣ, ಯಾರಿಗೆ, ಯಾರಿಗೆ ಬೇಡ ಎಂಬ ಲೆಕ್ಕ ಸಿಕ್ಕಮೇಲೆ ಅದು ಮಾತ್ರೆಯಾಯಿತು. ಸಂದೇಶದಲ್ಲಿ ಬರುವ ಕಷಾಯಕ್ಕೆ ಆ ಲೆಕ್ಕವಿಲ್ಲ.

ಹೆಸರಿಲ್ಲದ ಪೊಟ್ಟಣದ ಪುಡಿಗಳ ಬಗ್ಗೆ ಇನ್ನೂ ಹೆಚ್ಚು ಹುಷಾರಾಗಿರಬೇಕು. ‘ಶುದ್ಧ ಗಿಡಮೂಲಿಕೆ’ ಎಂದು ಮಾರಿದ ಪುಡಿಗಳಲ್ಲಿ ಅಲೋಪತಿಯ ಶುಗರ್ ಔಷಧವನ್ನೇ ಗುಟ್ಟಾಗಿ ಬೆರೆಸಿದ್ದನ್ನು ಹಲವು ದೇಶಗಳ ಔಷಧ ನಿಯಂತ್ರಕರು ಪತ್ತೆ ಹಚ್ಚಿದ್ದಾರೆ. ಪುಡಿ ತಿಂದ ವಾರದಲ್ಲೇ ಶುಗರ್ ದಡಕ್ಕನೆ ಇಳಿದರೆ ಸಂತೋಷಕ್ಕಿಂತ ಮೊದಲು ಸಂಶಯ ಬರಬೇಕು. 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಇಂಟರ್‌ನೆಟ್‌ನಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿತ್ತು. ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಆಯುರ್ವೇದ ಚಿಕಿತ್ಸೆ ಬೇಕೆನಿಸಿದರೆ ಅರ್ಹ ಆಯುರ್ವೇದ ವೈದ್ಯರ ಬಳಿ ಹೋಗಿ, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ತೋರಿಸಿ.

ಹಳೆಯ ಗ್ರಂಥಗಳ ಹೆಸರು ಹೇಳುವವರು ಒಂದು ಮಾತು ಮರೆಯುತ್ತಾರೆ. ಸುಶ್ರುತ ಸಂಹಿತೆಯಲ್ಲಿ ಪ್ರಮೇಹವನ್ನು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸಲಾಗಿದೆ. ರೋಗಿಗೆ ಬಹುದೂರ ನಡೆಯಲು, ಬಾವಿ ತೋಡಲು ಹೇಳಲಾಗಿದೆ. ಏನನ್ನಾದರೂ ತಿನ್ನಿ, ಕಷಾಯ ಕುಡಿದರೆ ಸಾಕು ಎಂದು ಅಲ್ಲೂ ಹೇಳಿಲ್ಲ. ಇನ್ನು, ಮಧುಮೇಹ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ.

ಶುಗರ್ ವಾಸಿಯಾಗುವುದೇ ಇಲ್ಲವೇ?

ಕೆಲವರಲ್ಲಿ ಮಾತ್ರೆಯಿಲ್ಲದೆ ಸಕ್ಕರೆ ಸಹಜ ಮಟ್ಟದ ಹತ್ತಿರ ಉಳಿಯುವುದು ನಿಜ. ವೈದ್ಯರು ಇದನ್ನು ವಾಸಿ ಎನ್ನುವುದಿಲ್ಲ, ಉಪಶಮನ ಎನ್ನುತ್ತಾರೆ. ಮಾತ್ರೆ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5ಕ್ಕಿಂತ ಕಡಿಮೆ ಇದ್ದರೆ ಉಪಶಮನ ಎಂದು 2021ರಲ್ಲಿ ತಜ್ಞರು ಒಪ್ಪಿಕೊಂಡರು.

ಬ್ರಿಟನ್ನಿನ ‘ಡೈರೆಕ್ಟ್’ ಪ್ರಯೋಗದಲ್ಲಿ ಆರು ವರ್ಷದೊಳಗೆ ಶುಗರ್ ಬಂದಿದ್ದ, ಇನ್ಸುಲಿನ್ ತೆಗೆದುಕೊಳ್ಳದ ಜನರಿಗೆ ವೈದ್ಯರ ನಿಗಾದಲ್ಲಿ ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರ ಮಾತ್ರ ಕೊಟ್ಟರು. ಒಂದು ವರ್ಷದ ನಂತರ ಶೇ 46, ಎರಡು ವರ್ಷದ ನಂತರ ಶೇ 36 ಜನ ಉಪಶಮನದಲ್ಲಿದ್ದರು. 15 ಕಿಲೊ ಅಥವಾ ಹೆಚ್ಚು ತೂಕ ಇಳಿಸಿದವರಲ್ಲಿ ಮೊದಲ ವರ್ಷ ಶೇ 86 ಜನ ಯಶಸ್ವಿಯಾದರು. ತೂಕ ಮರಳಿದವರಲ್ಲಿ ಶುಗರ್ ಕೂಡ ಮರಳಿತು.

ಕಾಯಿಲೆ ಹೊಸದಾಗಿದ್ದು ತೂಕ ಹೆಚ್ಚಿರುವವರಿಗೆ ನಿಜವಾದ ಅವಕಾಶವಿದೆ ಎಂಬುದು ಇದರಿಂದ ತಿಳಿಯುತ್ತದೆ. ಹತ್ತು ಹದಿನೈದು ವರ್ಷದಿಂದ ಶುಗರ್ ಇರುವವರಿಗೆ, ಮೊದಲೇ ಸಣಕಲಾಗಿರುವವರಿಗೆ ಅದೇ ಭರವಸೆ ಕೊಡುವುದು ಮೋಸ. ಟೈಪ್ 1 ಇರುವವರಿಗಂತೂ ಈ ಮಾತು ಅನ್ವಯಿಸುವುದೇ ಇಲ್ಲ.

‘ಕಂಪನಿಗಳು ಅಂಕಿಯನ್ನೇ ಇಳಿಸಿದವು’ ಎಂಬ ಸಂದೇಶ

ಹಿಂದೆ ಖಾಲಿಹೊಟ್ಟೆಯ ಸಕ್ಕರೆ 140 ಇದ್ದರೆ ಮಾತ್ರ ಮಧುಮೇಹ ಎನ್ನುತ್ತಿದ್ದರು, ಆಮೇಲೆ 126ಕ್ಕೆ ಇಳಿಸಿದರು ಎಂಬುದು ನಿಜ. ಅಮೆರಿಕದ ಮಧುಮೇಹ ಸಂಘ 1997ರಲ್ಲಿ ಈ ಬದಲಾವಣೆ ಮಾಡಿತು. ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರ ಸಕ್ಕರೆ 200 ದಾಟುವವರಲ್ಲಿ ಅನೇಕರ ಖಾಲಿಹೊಟ್ಟೆಯ ಅಂಕಿ 140 ಮುಟ್ಟುತ್ತಿರಲಿಲ್ಲ. ಹಳೆಯ ಗಡಿಯಲ್ಲಿ ಅವರು ತಪ್ಪಿಹೋಗುತ್ತಿದ್ದರು. ಕಣ್ಣಿನ ಅಕ್ಷಿಪಟಲದ ಹಾನಿ ಯಾವ ಮಟ್ಟದಿಂದ ಹೆಚ್ಚುತ್ತದೆ ಎಂಬುದನ್ನೂ ಗಮನಿಸಿ ಹೊಸ ಗಡಿ ನಿಗದಿಯಾಯಿತು. ‘ವಯಸ್ಸಿಗೆ 100 ಕೂಡಿಸಿದಷ್ಟು ಶುಗರ್ ಇರಬಹುದು’ ಎಂಬ ಲೆಕ್ಕಕ್ಕೆ ಯಾವ ಆಧಾರವೂ ಇಲ್ಲ.

ಮಾತ್ರೆ ಬಿಟ್ಟರೆ ಏನಾಗುತ್ತದೆ?

ಮೊದಲ ಕೆಲವು ವಾರ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಸಕ್ಕರೆ 250 ಇದ್ದರೂ ಮೈ ಆರಾಮಾಗಿಯೇ ಇದ್ದಂತೆ ಇರುತ್ತದೆ. ‘ಮಾತ್ರೆ ಬಿಟ್ಟೆ, ಚೆನ್ನಾಗಿದ್ದೇನೆ’ ಎಂದು ಅವರು ಗ್ರೂಪಿನಲ್ಲಿ ಬರೆಯುವುದು ಈ ಹೊತ್ತಿನಲ್ಲೇ. ಅವರು ಸುಳ್ಳು ಹೇಳುತ್ತಿಲ್ಲ. ಹಾನಿ ಸದ್ದಿಲ್ಲದೆ ಕಣ್ಣು, ಮೂತ್ರಪಿಂಡ, ನರ, ಹೃದಯದಲ್ಲಿ ಕೂಡಿಕೊಳ್ಳುತ್ತಿರುತ್ತದೆ. ಐದು ವರ್ಷದ ಮೇಲೆ ಡಯಾಲಿಸಿಸ್‌ಗೆ ಹೋಗುವಾಗ ಅವರು ಅದೇ ಗ್ರೂಪಿನಲ್ಲಿ ಬರೆಯುವುದಿಲ್ಲ.

ಮಾತ್ರೆಯಿಂದಲೇ ಕಿಡ್ನಿ ಹಾಳಾಗುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ಬಹಳ. ಕಿಡ್ನಿಯನ್ನು ಹಾಳು ಮಾಡುವುದು ವರ್ಷಗಟ್ಟಲೆ ಏರಿದ ಸಕ್ಕರೆ ಮತ್ತು ರಕ್ತದೊತ್ತಡ. ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ. ಕಿಡ್ನಿ ಮೊದಲೇ ದುರ್ಬಲವಾಗಿದ್ದರೆ ವೈದ್ಯರು ಅದರ ಪ್ರಮಾಣ ಇಳಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಆಗ ಕಾಕತಾಳೀಯವಾಗಿ ‘ಮಾತ್ರೆಯೇ ಕಾರಣ’ ಎಂದು ಅನಿಸಿಬಿಡುತ್ತದೆ. ಬ್ರಿಟನ್ನಿನಲ್ಲಿ 5,000ಕ್ಕೂ ಹೆಚ್ಚು ಮಧುಮೇಹಿಗಳನ್ನು ವರ್ಷಗಳ ಕಾಲ ಗಮನಿಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಔಷಧದಿಂದ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳಗಳ ತೊಂದರೆ ಶೇ 25ರಷ್ಟು ಕಡಿಮೆಯಾಗಿತ್ತು.

ಟೈಪ್ 1 ಇರುವ ಮಗುವಿನ ಇನ್ಸುಲಿನ್ ನಿಲ್ಲಿಸಿದರೆ ವರ್ಷಗಳ ಮಾತಲ್ಲ, ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಕುತ್ತು. ಯಾವ ಕಷಾಯವೂ, ಯಾವ ಪಥ್ಯವೂ ಅಲ್ಲಿ ಇನ್ಸುಲಿನ್ನಿಗೆ ಬದಲಿ ಅಲ್ಲ. ವಾಂತಿ, ಹೊಟ್ಟೆನೋವು, ಜೋರು ಉಸಿರಾಟ, ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಇದಕ್ಕೆ ತದ್ವಿರುದ್ಧವಾದ ಅಪಾಯವೂ ಒಂದಿದೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ದಿಢೀರ್ ಕಡಿಮೆ ಮಾಡಿದರೆ, ಉಪವಾಸ ಮಾಡಿದರೆ, ಮೇಲಿಂದ ಕಷಾಯ ಕುಡಿದರೆ ಸಕ್ಕರೆ ತೀರಾ ಇಳಿಯಬಹುದು. ಬೆವರು, ಕೈನಡುಕ, ತಲೆ ಗಿಮ್ಮೆನ್ನುವುದು, ತೊದಲುವುದು ಅದರ ಲಕ್ಷಣ. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಪ್ರಯೋಗ ಮಾಡುವುದಿದ್ದರೆ ಹೀಗೆ ಮಾಡಿ

ನೈಸರ್ಗಿಕ ವಿಧಾನದ ಮೇಲೆ ನಿಮಗೆ ನಂಬಿಕೆಯಿದ್ದರೆ ಅದನ್ನು ಅಳತೆಗೆ ಒಡ್ಡಿ. ಇಂದು ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಇದು ಹೇಳುತ್ತದೆ. ಒಂದು ದಿನ ಪಥ್ಯ ಮಾಡಿ ಇದನ್ನು ಮರುಳು ಮಾಡಲು ಆಗುವುದಿಲ್ಲ. ರಕ್ತಹೀನತೆ ಇದ್ದರೆ ಮಾತ್ರ ಅಂಕಿ ತಪ್ಪಾಗಬಹುದು, ಅದನ್ನು ವೈದ್ಯರಿಗೆ ತಿಳಿಸಿ. ಮೂರು ತಿಂಗಳು ಮಾತ್ರೆ ಮುಂದುವರಿಸುತ್ತಲೇ ತಟ್ಟೆ ಬದಲಿಸಿ, ನಡೆಯಿರಿ, ತೂಕ ಬರೆದಿಡಿ. ಆಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ಅಂಕಿ ಚೆನ್ನಾಗಿ ಇಳಿದಿದ್ದರೆ ವೈದ್ಯರೇ ಮಾತ್ರೆ ಕಡಿಮೆ ಮಾಡುತ್ತಾರೆ. ನಡುವೆ ಸಕ್ಕರೆ ತೀರಾ ಇಳಿದರೆ ಮೂರು ತಿಂಗಳು ಕಾಯದೆ ಕೂಡಲೇ ಅವರನ್ನು ಕಾಣಿ. ಮಾತ್ರೆ ಇಳಿಸಲು ಇದು ಗೌರವದ ದಾರಿ, ಭಯವಿಲ್ಲದ ದಾರಿ.

ಇದಕ್ಕೆ ಹೆಚ್ಚು ಖರ್ಚೂ ಬೇಕಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್, ಬಿಪಿ ತಪಾಸಣೆ ಇರುತ್ತದೆ. ಜನೌಷಧಿ ಮಳಿಗೆಗಳಲ್ಲಿ ಮೆಟ್‌ಫಾರ್ಮಿನ್‌ನಂಥ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತದೆ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ 30 ವರ್ಷ ದಾಟಿದವರನ್ನು ಮನೆ ಬಾಗಿಲಲ್ಲೇ ತಪಾಸಣೆ ಮಾಡುತ್ತಾರೆ. ಆಶಾ ಕಾರ್ಯಕರ್ತೆಯರು ಬಂದಾಗ ‘ನಮಗೇನೂ ಇಲ್ಲ’ ಎಂದು ಕಳಿಸಬೇಡಿ. ಶುಗರ್ ಇರುವವರು ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟಲ, ಮೂತ್ರದ ಪ್ರೋಟೀನ್, ಪಾದದ ತಪಾಸಣೆ ಮಾಡಿಸಲೇಬೇಕು.

ಮುಂದಿನ ಸಲ ಇಂಥ ಸಂದೇಶ ಬಂದಾಗ ಫಾರ್ವರ್ಡ್ ಒತ್ತುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವ ಬಗೆಯ ಮಧುಮೇಹದ ಬಗ್ಗೆ ಎಂದು ಹೇಳಿದೆಯೇ? ಎಷ್ಟು ಇಳಿಯುತ್ತದೆ, ಎಷ್ಟು ದಿನಕ್ಕೆ ಎಂಬ ಅಳತೆ ಇದೆಯೇ? ಮಾತ್ರೆ ನಿಲ್ಲಿಸಲು ಹೇಳುತ್ತಿದೆಯೇ? ಕೊನೆಯ ಪ್ರಶ್ನೆಗೆ ಉತ್ತರ ‘ಹೌದು’ ಎಂದಾದರೆ, ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ ಅದನ್ನು ಮುಂದಕ್ಕೆ ಕಳಿಸಬೇಡಿ. ನಿಮ್ಮ ಗ್ರೂಪಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಒಬ್ಬ ಅಜ್ಜಿಯೋ, ಒಂದು ಮಗುವೋ ಇರಬಹುದು. ನೀವು ಕಳಿಸಿದ್ದೀರಿ ಎಂಬ ಒಂದೇ ಕಾರಣಕ್ಕೆ ಆ ಮನೆಯವರು ಅದನ್ನು ನಂಬಬಹುದು.